ನಿಮಗಿದು ಗೊತ್ತೇ? ಚಳಿಗೂ ಗಿಡಕ್ಕೆ ಬಾಯಾರುತ್ತದೆ!

ಮಾಗಿಯ ಬೆಳಗ್ಗೆ ಎಂಟೂವರೆಗೆ ಕೈತೋಟಕ್ಕೆ ಇಳಿದು ನೋಡಿ. ಇಬ್ಬನಿ ಇನ್ನೂ ಆರಿಲ್ಲ, ಮಣ್ಣು ಮುಟ್ಟಿದರೆ ಒದ್ದೆ. ಆದರೂ ಸೌತೆ ಬಳ್ಳಿಯ ಎಲೆ ಜೋತುಬಿದ್ದಿದೆ, ಟೊಮೆಟೊ ಸಸಿ ಕತ್ತು ಬಾಗಿಸಿದೆ. ‘ಪಾಪ, ನೀರು ಸಾಲದು’ ಎಂದು ನಾವು ಇನ್ನೊಂದು ತಂಬಿಗೆ ಸುರಿಯುತ್ತೇವೆ. ಬುಡದಲ್ಲಿ ಬೇಕಾದಷ್ಟು ನೀರಿದೆ. ಅದನ್ನು ಮೇಲೆತ್ತುವ ಕಸುವು ಚಳಿಗೆ ಕುಂದಿದೆ, ಅಷ್ಟೆ. ಈ ಇಕ್ಕಟ್ಟಿನಲ್ಲಿ ಗಿಡವನ್ನು ಕಾಯುವುದು ಅದರ ಮೈಯಲ್ಲೇ ಹುಟ್ಟುವ ಕೆಲವು ಹಾರ್ಮೋನುಗಳು. ಅವುಗಳ ಕಥೆ ಇಲ್ಲಿದೆ, ಒಂದೊಂದಾಗಿ ಓದಿ.

ಒದ್ದೆ ಮಣ್ಣಿನಲ್ಲೇ ಬರ

1. ನೀರಿದ್ದೂ ಗಿಡಕ್ಕೆ ದಕ್ಕದ ಈ ಸ್ಥಿತಿಯನ್ನು ಸಸ್ಯವಿಜ್ಞಾನಿಗಳು ‘ಶಾರೀರಿಕ ಬರ’ ಎನ್ನುತ್ತಾರೆ. ಆಕಾಶದಲ್ಲೂ ಬರವಿಲ್ಲ, ನೆಲದಲ್ಲೂ ಇಲ್ಲ. ಬರ ಇರುವುದು ಗಿಡದ ಮೈಯೊಳಗೆ.

2. ಇದು ಹಳೆಯ ಪತ್ತೆ. ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ 1860ರ ಆಸುಪಾಸಿನಲ್ಲೇ ತಂಬಾಕು ಮತ್ತು ಕುಂಬಳದ ಗಿಡಗಳ ಬೇರನ್ನು ತಂಪು ಮಾಡಿ ನೋಡಿದ್ದರು. ಮಣ್ಣು ಒದ್ದೆಯಿದ್ದರೂ ಅವು ಬಾಡಿದವು. ಅದೇ ಚಳಿಯಲ್ಲಿ ಎಲೆಕೋಸು ಜಗ್ಗಲಿಲ್ಲ. ಬೆಚ್ಚಗಿನ ನಾಡಿನ ಬೆಳೆಗೂ ತಂಪು ನಾಡಿನ ಬೆಳೆಗೂ ಇರುವ ಅಂತರ ಅಂದೇ ಕಣ್ಣಿಗೆ ಕಂಡಿತ್ತು.

3. ತಂಪಾದಷ್ಟೂ ನೀರು ಮಂದವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 5 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಸುಮಾರು ಶೇ. 70ರಷ್ಟು ಹೆಚ್ಚು. ಕೂದಲೆಳೆಗಿಂತ ಸಪೂರವಾದ ಕೊಳವೆಗಳಲ್ಲಿ ನೀರೆಳೆಯುವ ಗಿಡಕ್ಕೆ ಇದು ಸಣ್ಣ ಹೊರೆಯಲ್ಲ.

4. ಬೇರಿನ ಜೀವಕೋಶಗಳ ಪೊರೆಯಲ್ಲಿ ನೀರಿಗೆಂದೇ ಕಿಂಡಿಗಳಿವೆ. ಅವುಗಳ ಹೆಸರು ಅಕ್ವಪೋರಿನ್. ಇಂಥ ಒಂದು ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ನುಸುಳಬಲ್ಲವು. ಇದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಚಳಿಗೆ ಬಾಡುವ ಬೆಳೆಗಳಲ್ಲಿ ಬೇರು ತಣ್ಣಗಾದೊಡನೆ ಈ ಕಿಂಡಿಗಳ ಕೆಲಸ ತಗ್ಗುತ್ತದೆ.

5. ಬೇರಿನಲ್ಲಿ ಆವಕ ಕುಸಿದಾಗ ಎಲೆಯಲ್ಲಿ ಜಾವಕ ನಿಲ್ಲಬೇಕಲ್ಲವೇ? ತೊಂದರೆ ಇರುವುದು ಅಲ್ಲೇ. ಗಿಡ ಹೀರಿದ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಸೌತೆ, ಹುರುಳಿಕಾಯಿ, ಮೆಕ್ಕೆಜೋಳದಂಥ ಬೆಳೆಗಳಲ್ಲಿ ಚಳಿ ಬಡಿದಾಗ ಈ ರಂಧ್ರಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಕೊಡದ ಬಾಯಿಗೆ ನೀರು ಬೀಳುವುದು ನಿಂತಿದೆ, ತಳದ ತೂತು ಹಾಗೇ ಇದೆ.

6. ಮಕ್ಕಳ ಜೊತೆ ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ಗೇಣುದ್ದದ ಟೊಮೆಟೊ ಸಸಿ ಇರುವ ಎರಡು ಕುಂಡ ತೆಗೆದುಕೊಳ್ಳಿ. ಎರಡಕ್ಕೂ ಸಮನಾಗಿ ನೀರುಣಿಸಿ. ಒಂದು ಕುಂಡವನ್ನು ಐಸ್ ತುಂಬಿದ ಬಕೆಟ್ಟಿನಲ್ಲಿ ಕುತ್ತಿಗೆಯವರೆಗೆ ಇಳಿಸಿ, ಎರಡನ್ನೂ ಬಿಸಿಲಿಗೆ ಇಡಿ. ಕೆಲವು ಗಂಟೆಗಳಲ್ಲಿ ಐಸಿನ ಕುಂಡದ ಎಲೆಗಳು ತೊಟ್ಟಿನಿಂದಲೇ ಕೆಳಗೆ ಜೋಲುತ್ತವೆ, ಪಕ್ಕದ್ದು ಸೆಟೆದು ನಿಂತಿರುತ್ತದೆ. ಬಾಡಿದ ಸಸಿಯ ಮಣ್ಣಿಗೆ ಬೆರಳು ಹಾಕಿದರೆ ಬೆರಳು ಒದ್ದೆ!

7. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಉಷ್ಣವಲಯದ ಮೂಲದ ಹಲವು ಬೆಳೆಗಳಿಗೆ 10ರಿಂದ 12 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಏಟು ಬೀಳುತ್ತದೆ. ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದೂ ಈ ಬಗೆಯ ಶೀತಗಾಯವೇ. ಬೆಂಗಳೂರಿನ ದಾಖಲೆಯ ಕನಿಷ್ಠ ತಾಪಮಾನ 1884ರ ಜನವರಿ 13ರಂದು ಕಂಡ 7.8 ಡಿಗ್ರಿ. ಹಿಮದ ಸುಳಿವೇ ಇಲ್ಲದ ಊರಲ್ಲೂ ಸೌತೆ ಬಳ್ಳಿ ನಡುಗುವಷ್ಟು ಚಳಿ ಅದು.

ಬಾಗಿಲು ಮುಚ್ಚಿಸುವ ಅಬ್ಸಿಸಿಕ್ ಆಮ್ಲ

8. ಎಲೆಯ ಬಾಗಿಲು ಮುಚ್ಚಿಸುವ ಹಾರ್ಮೋನು ಅಬ್ಸಿಸಿಕ್ ಆಮ್ಲ. 1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೆಡರಿಕ್ ಆಡಿಕಾಟ್ ಅವರ ತಂಡ ಎಳೆಯ ಹತ್ತಿಕಾಯಿಯಿಂದ ಇದನ್ನು ಬೇರ್ಪಡಿಸಿತು. ಅದೇ ಹೊತ್ತಿಗೆ ವೇಲ್ಸ್‌ನಲ್ಲಿ ಫಿಲಿಪ್ ವೇರಿಂಗ್ ಅವರ ತಂಡ ಸಿಕಮೋರ್ ಮರದ ಎಲೆಯಲ್ಲಿ ‘ಡಾರ್ಮಿನ್’ ಎಂಬ ವಸ್ತುವಿನ ಬೆನ್ನು ಹತ್ತಿತ್ತು. ಎರಡೂ ಒಂದೇ ಎಂದು 1965ರಲ್ಲಿ ತೋರಿಸಿಕೊಟ್ಟವರಲ್ಲಿ ಪ್ರಮುಖರು ಜಾನ್ ಕಾರ್ನ್‌ಫೋರ್ತ್. ಹರೆಯದಲ್ಲೇ ಕಿವುಡುತನಕ್ಕೆ ತುತ್ತಾದ ಈ ರಸಾಯನಶಾಸ್ತ್ರಜ್ಞರಿಗೆ 1975ರಲ್ಲಿ ನೊಬೆಲ್ ಸಂದಿತು.

9. ಹೆಸರಿನಲ್ಲೇ ಒಂದು ತಪ್ಪಿದೆ. ‘ಅಬ್ಸಿಶನ್’ ಎಂದರೆ ಎಲೆ, ಕಾಯಿ ಉದುರುವುದು. ಉದುರಿಸುವ ವಸ್ತು ಎಂದುಕೊಂಡು ಈ ಹೆಸರಿಟ್ಟರು. ಉದುರಿಸುವ ಕೆಲಸದಲ್ಲಿ ಎಥಿಲೀನ್‌ದೇ ಮುಖ್ಯ ಕೈವಾಡ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹೆಸರು ಊರ್ಜಿತವಾಗಿಬಿಟ್ಟಿತ್ತು.

10. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕೆರೋಟಿನ್ ಗೊತ್ತಲ್ಲ? ಅದೇ ಕುಟುಂಬದ ಹಳದಿ ವರ್ಣದ್ರವ್ಯವನ್ನು ತುಂಡರಿಸಿ ಗಿಡ ಅಬ್ಸಿಸಿಕ್ ಆಮ್ಲವನ್ನು ತಯಾರಿಸುತ್ತದೆ. 40 ಇಂಗಾಲದ ಪರಮಾಣುಗಳ ಉದ್ದ ಸರಪಳಿಯಿಂದ ಹುಟ್ಟುವುದು 15 ಇಂಗಾಲದ ಪುಟ್ಟ ಅಣು.

11. ಬಾಡಿದ ಗೋಧಿ ಎಲೆಯಲ್ಲಿ ಈ ಆಮ್ಲದ ಪ್ರಮಾಣ ಸುಮಾರು 40 ಪಟ್ಟು ಏರುತ್ತದೆಂದು 1969ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದರು. ನೀರಿನ ಕೊರತೆಗೂ ಈ ಹಾರ್ಮೋನಿಗೂ ಇರುವ ನಂಟು ಬಯಲಾದದ್ದು ಹಾಗೆ.

12. ಒಂದು ಪತ್ರರಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಅವರೆಕಾಳನ್ನು ಎದುರುಬದುರು ಇಟ್ಟಂತೆ ಕಾಣುತ್ತದೆ. ಆ ಕಾಳುಗಳೇ ಕಾವಲು ಕೋಶಗಳು, ನಡುವಿನ ಸಂದಿಯೇ ಬಾಗಿಲು. ಅವರೆಕಾಳು ನೆನೆದು ಉಬ್ಬಿದಂತೆ ಕಾವಲು ಕೋಶಗಳು ನೀರು ಕುಡಿದು ಉಬ್ಬಿದರೆ ಹೊರಕ್ಕೆ ಬಾಗಿ ಸಂದಿ ತೆರೆಯುತ್ತದೆ. ಅಬ್ಸಿಸಿಕ್ ಆಮ್ಲ ಬಂದು ತಾಗಿದೊಡನೆ ಕೋಶದೊಳಗಿನ ಪೊಟ್ಯಾಶಿಯಂ ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ಕೋಶಗಳು ಸೊರಗುತ್ತವೆ, ಸಂದಿ ಮುಚ್ಚುತ್ತದೆ. ಇಷ್ಟಕ್ಕೆಲ್ಲ ಬೇಕಾಗುವುದು ಕೆಲವೇ ನಿಮಿಷ.

13. ಈ ಹಾರ್ಮೋನಿನ ಕರೆಗೆ ಓಗೊಡುವ ಗ್ರಾಹಕ ಯಾವುದು ಎಂಬುದು ದಶಕಗಟ್ಟಲೆ ಒಗಟಾಗಿತ್ತು. 2009ರಲ್ಲಿ ಅಮೆರಿಕದ ಶಾನ್ ಕಟ್ಲರ್ ಮತ್ತು ಜರ್ಮನಿಯ ಎರ್ವಿನ್ ಗ್ರಿಲ್ ಅವರ ತಂಡಗಳು ಪ್ರತ್ಯೇಕವಾಗಿ ಅದನ್ನು ಹುಡುಕಿ ತೆಗೆದವು. ಹಾರ್ಮೋನು ಗ್ರಾಹಕದ ಗೂಡಿನೊಳಗೆ ಕೂತೊಡನೆ ಮೇಲಿನ ಮುಚ್ಚಳ ಅಗುಳಿಯಂತೆ ಬಿದ್ದುಕೊಳ್ಳುತ್ತದೆ. ಅಲ್ಲಿಂದ ಇಡೀ ಕೋಶಕ್ಕೆ ‘ನೀರು ಉಳಿಸು’ ಎಂಬ ಅಪ್ಪಣೆ ಹೊರಡುತ್ತದೆ.

14. ಹುರುಳಿಕಾಯಿ ಸಸಿಯನ್ನು ಒಮ್ಮೆಲೇ 4 ಡಿಗ್ರಿ ಚಳಿಗೆ ಒಡ್ಡಿದರೆ ಮೊದಲು ಬಾಡುತ್ತದೆ. ಅಬ್ಸಿಸಿಕ್ ಆಮ್ಲ ಏರುವುದು ತಡವಾಗಿ. ಏರಿದ ಮೇಲೆ ಬಾಗಿಲು ಮುಚ್ಚಿ ಸಸಿ ಮತ್ತೆ ಚೇತರಿಸಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲೂ ಚಳಿ ತಾಳುವ ತಳಿಗೂ ತಾಳದ ತಳಿಗೂ ಇರುವ ವ್ಯತ್ಯಾಸದಲ್ಲಿ ಈ ಹಾರ್ಮೋನಿನ ಏರಿಕೆಗೆ ದೊಡ್ಡ ಪಾಲಿದೆ. ಬದುಕಿಗೂ ಸಾವಿಗೂ ನಡುವೆ ಇರುವುದು ಕೆಲವು ಗಂಟೆಗಳ ಅಂತರ.

15. ಹಾಗಿದ್ದರೆ ಹಾರ್ಮೋನನ್ನು ಮುಂಚೆಯೇ ಕೊಟ್ಟರೆ? ಇಸ್ರೇಲಿನ ವಿಜ್ಞಾನಿಗಳು 1976ರಲ್ಲೇ ಸೌತೆ ಸಸಿಗಳಿಗೆ ಅಬ್ಸಿಸಿಕ್ ಆಮ್ಲ ಕೊಟ್ಟು ಆಮೇಲೆ ಚಳಿಗೆ ಒಡ್ಡಿದ್ದರು. ಚಳಿಯ ಗಾಯ ಕಡಿಮೆಯಾಯಿತು.

16. ಸುತ್ತಲಿನ ಗಾಳಿ ತೇವದಿಂದ ತುಂಬಿದ್ದರೆ ಸೌತೆ ಎಲೆಗೆ ಚಳಿಯ ಗಾಯ ಕಾಣಿಸಿಕೊಳ್ಳುವುದು ಬಹಳ ತಡ. ಅಂದರೆ ಮೊದಮೊದಲ ಹಾನಿಯಲ್ಲಿ ಒಣಗುವಿಕೆಯದೇ ದೊಡ್ಡ ಪಾಲು. ಸಸಿಮಡಿಗೆ ರಾತ್ರಿ ಪ್ಲಾಸ್ಟಿಕ್ ಹೊದಿಕೆ ಹಾಕುವ ರೈತರು ಬಿಸುಪನ್ನಷ್ಟೇ ಅಲ್ಲ, ತೇವವನ್ನೂ ಹಿಡಿದಿಡುತ್ತಾರೆ.

17. ಸ್ವಲ್ಪ ಬಾಯಾರಿಕೆ ಕಂಡ ಸಸಿ ಚಳಿಯನ್ನೂ ಚೆನ್ನಾಗಿ ತಾಳುತ್ತದೆ. ನಾಟಿಗೆ ಮುಂಚೆ ನೀರು ಕಡಿಮೆ ಮಾಡಿ ಸಸಿಯನ್ನು ‘ಗಟ್ಟಿ’ ಮಾಡುವ ರೂಢಿ ನಮ್ಮ ತರಕಾರಿ ಬೆಳೆಗಾರರಲ್ಲಿ ಇದೆಯಲ್ಲ, ಅದರ ಹಿಂದೆಯೂ ಇದೇ ಹಾರ್ಮೋನಿನ ಕೈ ಇದೆ.

ನೀರು ಕದಿಯುವ ಮಂಜುಗಡ್ಡೆ

18. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಗಿಡದೊಳಗೆ ಮಂಜುಗಡ್ಡೆ ಮೊದಲು ಕಟ್ಟುವುದು ಜೀವಕೋಶಗಳ ನಡುವಿನ ಸಂದಿನಲ್ಲಿ. ಆ ಗಡ್ಡೆ ಕೋಶದೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ಮೈನಸ್ 10 ಡಿಗ್ರಿಯ ಹೊತ್ತಿಗೆ ಕೋಶದಿಂದ ಶೇ. 90ಕ್ಕೂ ಹೆಚ್ಚು ನೀರು ಹೊರಹೋಗಿರುತ್ತದೆ. ಹಿಮದಲ್ಲಿ ಸತ್ತ ಗಿಡ ಹೆಚ್ಚಾಗಿ ಒಣಗಿಯೇ ಸತ್ತಿರುತ್ತದೆ.

19. 1975ರ ಜುಲೈ 18ರಂದು ಬ್ರೆಜಿಲ್ಲಿನ ಪರಾನಾ ರಾಜ್ಯದ ಕಾಫಿ ತೋಟಗಳ ಮೇಲೆ ‘ಕಪ್ಪು ಹಿಮ’ ಎರಗಿತು. ಒಣಹವೆಯ ಚಳಿಯಾದ್ದರಿಂದ ಎಲೆಯ ಮೇಲೆ ಬಿಳಿ ಪದರ ಕೂಡ ಕಟ್ಟುವುದಿಲ್ಲ. ಗಿಡ ಒಳಗೇ ಹೆಪ್ಪುಗಟ್ಟಿ ಕರಕಲಾದಂತೆ ಕಾಣುತ್ತದೆ. ಮುಂದಿನ ಎರಡು ವರ್ಷ ಜಗತ್ತಿನ ಕಾಫಿ ಬೆಲೆ ಗಗನಕ್ಕೇರಿತು.

20. ಗೋಧಿ, ರೈ ಬೆಳೆಗಳ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಚಳಿಯನ್ನೇ ತೋರಿಸದೆ ಬರೀ ಅಬ್ಸಿಸಿಕ್ ಆಮ್ಲ ಕೊಟ್ಟರೆ? 1983ರಲ್ಲಿ ಕೆನಡಾದ ಸಂಶೋಧಕರು ಹೀಗೆ ಮಾಡಿ ನೋಡಿದಾಗ ಆ ಕೋಶಗಳು ಹೆಪ್ಪುಗಟ್ಟುವ ಚಳಿಯನ್ನೂ ತಾಳಿದವು. ಚಳಿಗಾಲ ಬಂದಿದೆ ಎಂದು ಗಿಡವನ್ನು ನಂಬಿಸಲು ಒಂದು ಹಾರ್ಮೋನು ಸಾಕಾಯಿತು.

21. ಅಮೆರಿಕದ ಮಿಷಿಗನ್ನಿನಲ್ಲಿ ಮೈಕೆಲ್ ಥಾಮಶೋ ಅವರ ತಂಡ ಚಳಿಗೆ ಓಗೊಡುವ ಜೀನುಗಳ ಯಜಮಾನನನ್ನು ಹುಡುಕುತ್ತಿತ್ತು. ಜಪಾನಿನಲ್ಲಿ ಕಝುಕೊ ಯಾಮಾಗುಚಿ-ಶಿನೊಝಾಕಿ ಮತ್ತು ಕಝುವೊ ಶಿನೊಝಾಕಿ ಬರಕ್ಕೆ ಓಗೊಡುವ ಜೀನುಗಳ ಯಜಮಾನನನ್ನು ಹುಡುಕುತ್ತಿದ್ದರು. 1997 ಮತ್ತು 1998ರಲ್ಲಿ ಪ್ರಕಟವಾದ ಉತ್ತರ ನೋಡಿದರೆ ಇಬ್ಬರೂ ಒಂದೇ ಮನೆಯ ಬಾಗಿಲು ತಟ್ಟಿದ್ದರು! ಒಬ್ಬರು ಸಿಬಿಎಫ್ ಎಂದು ಕರೆದದ್ದನ್ನೇ ಇನ್ನೊಬ್ಬರು ಡ್ರೆಬ್-1 ಎಂದು ಕರೆದಿದ್ದರು. ಚಳಿ ಮತ್ತು ಬರ ಗಿಡಕ್ಕೆ ದಾಯಾದಿಗಳು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

22. ಈ ಯಜಮಾನನ ಅಪ್ಪಣೆ ಸಿಕ್ಕೊಡನೆ ಕೋಶ ಸಕ್ಕರೆ, ಪ್ರೋಲಿನ್ ಎಂಬ ಅಮೈನೋ ಆಮ್ಲ ಹಾಗೂ ಡಿಹೈಡ್ರಿನ್ ಎಂಬ ಪ್ರೋಟೀನುಗಳನ್ನು ಕೂಡಿಡುತ್ತದೆ. ಇವು ನೀರನ್ನು ಹಿಡಿದಿಟ್ಟು ಕೋಶದ ಪೊರೆ ಒಡೆಯದಂತೆ ಕಾಯುತ್ತವೆ. ಚಳಿ ಉಂಡ ಕ್ಯಾರೆಟ್ಟು, ಎಲೆಕೋಸು ಹೆಚ್ಚು ಸಿಹಿಯಾಗುವುದು ಈ ಕೂಡಿಟ್ಟ ಸಕ್ಕರೆಯಿಂದಲೇ.

ಜೊತೆಗಾರರು

23. ಜಿಬ್ಬರೆಲಿನ್ ಗಿಡವನ್ನು ಎತ್ತರಕ್ಕೆ ಬೆಳೆಸುವ ಹಾರ್ಮೋನು. 1926ರಲ್ಲಿ ತೈವಾನಿನಲ್ಲಿ ಜಪಾನಿ ವಿಜ್ಞಾನಿ ಎಇಚಿ ಕುರೊಸಾವಾ, ಭತ್ತದ ಸಸಿ ಹುಚ್ಚುಹುಚ್ಚಾಗಿ ಉದ್ದವಾಗುವ ರೋಗಕ್ಕೆ ಒಂದು ಶಿಲೀಂಧ್ರ ಸ್ರವಿಸುವ ರಾಸಾಯನಿಕವೇ ಕಾರಣ ಎಂದು ತೋರಿಸಿದ್ದರಿಂದ ಇದರ ಸುಳಿವು ಸಿಕ್ಕಿತು. ಚಳಿ ಬಂದಾಗ ಗಿಡ ಇದನ್ನು ತಗ್ಗಿಸಿಕೊಳ್ಳುತ್ತದೆ. ಬೆಳವಣಿಗೆ ನಿಲ್ಲಿಸಿ ಶಕ್ತಿಯನ್ನೆಲ್ಲ ಜೀವ ಉಳಿಸಿಕೊಳ್ಳಲು ತೊಡಗಿಸುತ್ತದೆ. ಮಾಗಿಯಲ್ಲಿ ಬೆಳೆ ‘ಕೂತುಬಿಟ್ಟಿದೆ’ ಎನ್ನುತ್ತೇವಲ್ಲ, ಅದು ಸೋಮಾರಿತನವಲ್ಲ, ಸಂಯಮ.

24. ಜಿಬ್ಬರೆಲಿನ್ ತಗ್ಗಿದಾಗ ಹೆಚ್ಚುವ ‘ಡೆಲ್ಲಾ’ ಪ್ರೋಟೀನುಗಳೇ ಗಿಡವನ್ನು ಗಿಡ್ಡಾಗಿಡುತ್ತವೆ. ಹಸಿರು ಕ್ರಾಂತಿಯ ಗಿಡ್ಡ ಗೋಧಿಯ ಗುಟ್ಟೂ ಡೆಲ್ಲಾದಲ್ಲಾದ ಒಂದು ಬದಲಾವಣೆಯೇ ಎಂದು 1999ರಲ್ಲಿ ತಿಳಿಯಿತು.

25. ಮಾವಿನ ತೋಟದವರಿಗೆ ಪ್ಯಾಕ್ಲೊಬ್ಯುಟ್ರಜಾಲ್ ಗೊತ್ತು. ಜಿಬ್ಬರೆಲಿನ್ ತಯಾರಿಕೆಗೆ ತಡೆಯೊಡ್ಡಿ ಚಿಗುರು ನಿಲ್ಲಿಸಿ ಹೂ ಬಿಡಿಸುವ ರಾಸಾಯನಿಕ ಅದು. ಪ್ರಯೋಗಗಳಲ್ಲಿ ಹಲವು ಬೆಳೆಗಳ ಸಸಿಗಳಿಗೆ ಚಳಿ ತಾಳುವ ಶಕ್ತಿಯನ್ನೂ ಅದು ಕೊಟ್ಟಿದೆ.

26. ಸ್ಯಾಲಿಸಿಲಿಕ್ ಆಮ್ಲ, ಅಂದರೆ ಆಸ್ಪಿರಿನ್ ಮಾತ್ರೆಯ ಮೂಲವಸ್ತು, ಗಿಡದ ಮೈಯಲ್ಲೂ ಹಾರ್ಮೋನಾಗಿ ಕೆಲಸ ಮಾಡುತ್ತದೆ. 1999ರಲ್ಲಿ ಹಂಗೇರಿಯ ವಿಜ್ಞಾನಿಗಳು ಮೆಕ್ಕೆಜೋಳದ ಸಸಿಗಳ ಬೇರಿಗೆ ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು 2 ಡಿಗ್ರಿ ಚಳಿಗೆ ಇಟ್ಟಾಗ ಹಾನಿ ಕಡಿಮೆಯಾಯಿತು. ಪ್ರಮಾಣ ಮೀರಿದರೆ ಇದೇ ವಿಷ. ಮನೆಯ ಮಾತ್ರೆ ಕರಗಿಸಿ ಗಿಡಕ್ಕೆ ಹಾಕಬೇಡಿ.

27. ಜಾಜಿ ಹೂವಿನ ತೈಲದಿಂದ 1962ರಲ್ಲಿ ಬೇರ್ಪಡಿಸಿದ ಪರಿಮಳದ ಅಣು ಮೀಥೈಲ್ ಜಾಸ್ಮೊನೇಟ್. ಹುಳ ಕಡಿದಾಗ ಎಚ್ಚರಿಸುವ ಈ ಹಾರ್ಮೋನು ಕುಟುಂಬ ಚಳಿಯ ಎಚ್ಚರಿಕೆಯನ್ನೂ ಸಾರುತ್ತದೆ. ಶೀತಲಗೃಹದಲ್ಲಿಡುವ ಟೊಮೆಟೊ, ಮಾವಿನ ಹಣ್ಣಿಗೆ ಇದರ ಆವಿ ಹಾಯಿಸಿದಾಗ ಶೀತಗಾಯ ತಗ್ಗಿದ್ದನ್ನು ಪ್ರಯೋಗಗಳು ತೋರಿಸಿವೆ.

28. ಜೇನುನೊಣಗಳು ಕೂಡಿಟ್ಟ ಸಾಸಿವೆ ಜಾತಿಯ ಪರಾಗವನ್ನು ಇನ್ನೂರು ಕಿಲೋಗೂ ಹೆಚ್ಚು ಸೋಸಿದಾಗ ದೊರೆತದ್ದು ಬ್ರಾಸಿನೊಲೈಡ್ ಎಂಬ ಹಾರ್ಮೋನು, ಅದೂ ಕೆಲವೇ ಮಿಲಿಗ್ರಾಂ! ಅದರ ರಚನೆ 1979ರಲ್ಲಿ ಪ್ರಕಟವಾಯಿತು. ಈ ಗುಂಪಿನ ಹಾರ್ಮೋನುಗಳೂ ಚಳಿ ತಾಳಿಕೆಗೆ ನೆರವಾಗುತ್ತವೆ.

29. ಎಲ್ಲ ಹಾರ್ಮೋನುಗಳೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಕೋಶವಿಭಜನೆಗೆ ಹುರಿದುಂಬಿಸುವ ಸೈಟೊಕೈನಿನ್ ಚಳಿಯಲ್ಲಿ ತಗ್ಗುತ್ತದೆ. ಎಥಿಲೀನ್ ಕೆಲವು ಗಿಡಗಳಲ್ಲಿ ಚಳಿ ತಾಳಿಕೆಯನ್ನು ಕುಗ್ಗಿಸುತ್ತದೆ, ಕೆಲವುಗಳಲ್ಲಿ ಹೆಚ್ಚಿಸುತ್ತದೆ.

ಅತಿಯಾದರೆ ಅಮೃತವೂ ವಿಷ

30. ಎಲೆಯನ್ನು ಕಾಯುವ ಅಬ್ಸಿಸಿಕ್ ಆಮ್ಲವೇ ಭತ್ತದ ಹೂವಿಗೆ ಮುಳುವಾಗುವುದುಂಟು. ಭತ್ತ ಹೊಡೆಯಲ್ಲಿರುವಾಗ, ತೆನೆ ಹೊರಬರಲು ಇನ್ನೂ ಹತ್ತು ಹನ್ನೆರಡು ದಿನ ಇರುವಾಗ, ಒಳಗೆ ಪರಾಗದ ಎಳೆಯ ಕೋಶಗಳು ರೂಪುಗೊಳ್ಳುತ್ತಿರುತ್ತವೆ. ಆ ಹೊತ್ತಿಗೆ ಚಳಿ ಬಿದ್ದರೆ ಪರಾಗಕೋಶದಲ್ಲಿ ಈ ಹಾರ್ಮೋನು ಏರುತ್ತದೆ, ಪರಾಗಕ್ಕೆ ಸಕ್ಕರೆ ಮುಟ್ಟಿಸುವ ಕಿಣ್ವ ಕುಗ್ಗುತ್ತದೆ. ಉಪವಾಸ ಬಿದ್ದ ಪರಾಗ ಬಂಜೆ. ತೆನೆ ಬಂದರೂ ಕಾಳಿಲ್ಲ, ಬರೀ ಜೊಳ್ಳು. ಚಳಿ ತಾಳುವ ತಳಿಗಳ ಪರಾಗಕೋಶದಲ್ಲಿ ಈ ಹಾರ್ಮೋನು ಅಷ್ಟು ಏರುವುದಿಲ್ಲ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು.

31. ಈ ಜೊಳ್ಳಿನ ಬೆಲೆ ಎಷ್ಟು? 1993ರಲ್ಲಿ ಜಪಾನಿನಲ್ಲಿ ಬೇಸಿಗೆಯೇ ತಣ್ಣಗಾಯಿತು. ಭತ್ತದ ಇಳುವರಿ ಸಾಮಾನ್ಯ ವರ್ಷದ ಶೇ. 74ಕ್ಕೆ ಕುಸಿಯಿತು. ಅಕ್ಕಿಗೆ ಗಡಿ ಬಿಗಿದಿದ್ದ ಆ ದೇಶ 25 ಲಕ್ಷ ಟನ್ನಿಗೂ ಹೆಚ್ಚು ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು.

32. ಜಪಾನಿನ ಹೊಕ್ಕೈಡೊ ಮತ್ತು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರೈತರು ಇದಕ್ಕೆ ಕಂಡುಕೊಂಡ ಉಪಾಯ ನೀರೇ. ಹೊಡೆಯ ಹಂತದಲ್ಲಿ ಗದ್ದೆಯಲ್ಲಿ 20ರಿಂದ 25 ಸೆಂಟಿಮೀಟರ್ ನೀರು ನಿಲ್ಲಿಸುತ್ತಾರೆ. ಹಗಲಿನ ಬಿಸುಪನ್ನು ಹಿಡಿದಿಟ್ಟ ನೀರು ರಾತ್ರಿ ಎಳೆ ತೆನೆಗೆ ಕಂಬಳಿಯಾಗುತ್ತದೆ.

33. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತಕ್ಕೆ ಡಿಸೆಂಬರಿನಲ್ಲಿ ಸಸಿಮಡಿ ಹಾಕುವವರಿಗೆ ಚಳಿಯ ಕಾಟ ಹೊಸದಲ್ಲ. ಸಸಿ ಹಳದಿಯಾಗಿ ಏಳದೆ ನಿಂತುಬಿಡುತ್ತದೆ. ರಾತ್ರಿಯ ತಣ್ಣನೆಯ ನೀರನ್ನು ಬೆಳಗ್ಗೆ ಬಸಿದು ಹೊಸ ನೀರು ಬಿಡುವುದು, ರಾತ್ರಿ ಹೊದಿಕೆ ಹಾಕಿ ಬಿಸಿಲೇರಿದ ಮೇಲೆ ತೆಗೆಯುವುದು: ಈ ಎರಡು ಕೆಲಸಗಳೂ ಬೇರಿಗೆ ಬಿಸುಪು ಕೊಟ್ಟು ಹಾರ್ಮೋನುಗಳ ಭಾರ ಇಳಿಸುತ್ತವೆ.

34. ಹಾಗಾದರೆ ಅಬ್ಸಿಸಿಕ್ ಆಮ್ಲವನ್ನೇ ಹೊಲಕ್ಕೆ ಸಿಂಪಡಿಸಬಾರದೇ? ದ್ರಾಕ್ಷಿಗೆ ಬಣ್ಣ ತರಿಸಲು ಕೆಲವು ದೇಶಗಳಲ್ಲಿ ಈಗಾಗಲೇ ಬಳಸುತ್ತಾರೆ. ಆದರೆ ಬಿಸಿಲಿಗೆ ಅದು ಬೇಗ ಕೆಡುತ್ತದೆ, ಗಿಡವೂ ಅದನ್ನು ಬೇಗ ಕರಗಿಸಿಬಿಡುತ್ತದೆ. ಅದಕ್ಕಿಂತ ಪ್ರಬಲವಾಗಿ ಗ್ರಾಹಕವನ್ನು ಹಿಡಿಯುವ ‘ಒಪಬ್ಯಾಕ್ಟಿನ್’ ಎಂಬ ಅಣುವನ್ನು ಶಾನ್ ಕಟ್ಲರ್ ಅವರ ತಂಡ 2019ರಲ್ಲಿ ಪ್ರಕಟಿಸಿತು. ಬಾಗಿಲು ಮುಚ್ಚಿದಷ್ಟು ಹೊತ್ತು ಎಲೆಗೆ ಇಂಗಾಲದ ಡೈಆಕ್ಸೈಡೂ ಸಿಗುವುದಿಲ್ಲ, ಅಡುಗೆ ನಿಲ್ಲುತ್ತದೆ ಎಂಬುದನ್ನು ಯಾವ ಸಿಂಪಡಣೆಯೂ ಮರೆಯುವಂತಿಲ್ಲ. ಯಾವಾಗ, ಎಷ್ಟು, ಯಾವ ಭಾಗಕ್ಕೆ ಎಂಬ ಲೆಕ್ಕ ಗಿಡಕ್ಕೆ ಗೊತ್ತಿರುವಷ್ಟು ಇನ್ನೂ ಯಾವ ಬಾಟಲಿಗೂ ಗೊತ್ತಿಲ್ಲ.

35. ಕೊನೆಯದಾಗಿ ಒಂದು ಮನವಿ. ಮುಂದಿನ ಮಾಗಿಯಲ್ಲಿ ಬೆಳಗ್ಗೆ ಗಿಡ ಬಾಡಿದ್ದು ಕಂಡರೆ ತಂಬಿಗೆ ಎತ್ತುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ. ಒಣಗಿದ್ದರೆ ಬಿಸಿಲೇರಿದ ಮೇಲೆ ನೀರು ಕೊಡಿ. ಒದ್ದೆಯಿದ್ದರೆ ಸುಮ್ಮನೆ ಕಾಯಿರಿ. ಸೂರ್ಯ ಬೇರನ್ನು ಬೆಚ್ಚಗಾಗಿಸುವಷ್ಟರಲ್ಲಿ ಗಿಡ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡು, ತಾನೇ ತೆರೆದು ತಲೆಯೆತ್ತಿರುತ್ತದೆ.